ಜೋಳದ ಕೆಂಡದಲ್ಲಿ ಕಾದ ತಮಟೆ

ನಮ್ಮಪ್ಪ ತಮಟೆ ಬಡಿಯುತ್ತಾನೆ. ಚಿಕ್ಕಪ್ಪ ಬಡಿಯುತ್ತಾನೆ. ನಾನೂ ಬಡಿಯುತ್ತೇನೆ. ಸುಬ್ರಹ್ಮಣ್ಯಪುರದ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ, ಯಾವ ಬೀದಿಯಲ್ಲಿ ಮಾರಮ್ಮನ ಪೂಜೆಯಾದರೂ, ಯಾರು ಎಲೆಕ್ಷನ್ ಗೆದ್ದರೂ ಮೊದಲ ಫೋನು ನಮಗೇ ಬರುತ್ತದೆ. ನಾನು ಓದಿದ್ದು ಎಂಟನೇ ಕ್ಲಾಸು. ವಾರವೆಲ್ಲ ಗೂಡ್ಸ್ ಆಟೊ ಓಡಿಸುತ್ತೇನೆ. ಜೆ.ಪಿ. ನಗರದಲ್ಲಿ ಮನೆ ಬದಲಾಯಿಸುವವರ ಬೀರು, ಫ್ರಿಜ್ಜು, ಸೋಫಾ ಸಾಗಿಸುತ್ತೇನೆ. ಆದರೂ ಏನು ಕೆಲಸ ಅಂತ ಯಾರಾದರೂ ಕೇಳಿದರೆ ಮೊದಲು ತಮಟೆ ಅಂತಲೇ ಹೇಳುತ್ತೇನೆ. ನಾಚಿಕೆ ಪಡುವಂಥದ್ದು ಅದರಲ್ಲಿ ನನಗೆ ಏನೂ ಕಂಡಿಲ್ಲ.

ಕಳೆದ ಚಳಿಗಾಲದಲ್ಲಿ ಒಬ್ಬರು ಮೇಡಂ ಫೋನ್ ಮಾಡಿದರು. ಪುಟ್ಟೇನಹಳ್ಳಿಯಲ್ಲಿ ಒಂದು ಮೆರವಣಿಗೆಯಲ್ಲಿ ನಾವು ಬಡಿದಿದ್ದನ್ನು ನೋಡಿದ್ದರಂತೆ. ಅಂಜನಾಪುರ ದಾಟಿದ ಮೇಲೆ ಒಂದು ಮಾವಿನ ತೋಪಿನಲ್ಲಿ ಎರಡು ದಿನ ಜಾನಪದ ಸಂಗೀತದ ಹಬ್ಬ ಮಾಡುತ್ತಿದ್ದಾರೆ, ಶನಿವಾರ ಬಂದು ಟೆಂಟಿನಲ್ಲಿ ಉಳಿಯಬೇಕು, ಭಾನುವಾರ ಬೆಳಗ್ಗೆ ಹತ್ತಕ್ಕೆ ನಿಮ್ಮದು ಎಂದರು. ಕೇಳುವವರೂ ಟೆಂಟಿನಲ್ಲೇ ಮಲಗುತ್ತಾರಂತೆ.

ಇದನ್ನು ಕೇಳಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಅಂಜನಾಪುರಕ್ಕೆ ಹೋಗಿ ಬಯಲಲ್ಲಿ ಮಲ್ಕೋತಾರಾ? ಇಲ್ಲಿಂದ ಒಂದು ಬಸ್ಸಲ್ವಾ? ಮನೆಗೆ ಬಂದು ಮಲ್ಕೊಂಡ್ರೆ ಏನಾಗ್ತದಂತೆ?"

"ಅದಕ್ಕೆ ಟಿಕೆಟ್ ಬೇರೆ ಇದೆ ಕಣಮ್ಮ."

"ಸುಮ್ನಿರೋ, ತಮಾಷೆ ಮಾಡ್ಬೇಡ."

ಅಪ್ಪ ನಗಲಿಲ್ಲ. ನಲವತ್ತು ವರ್ಷ ಬಡಿದಿದ್ದಾನೆ, ಎಲ್ಲವೂ ರಸ್ತೆಯ ಮೇಲೆ. ಹೆಣದ ಮುಂದೆ, ದೇವರ ಮುಂದೆ, ಗೆದ್ದವನ ಜೀಪಿನ ಮುಂದೆ. ಜನ ಇವನನ್ನೇ ನೋಡಲು ಕೂತಿರುವ ಜಾಗದಲ್ಲಿ ಒಂದು ಸಲವೂ ಬಡಿದಿಲ್ಲ. ಒಂದು ಸಲ ಬಡಿಯಬೇಕು ಅನ್ನುವ ಆಸೆ ಅವನಿಗಿತ್ತು. ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಫೋನ್ ಬಂದ ದಿನವೇ ತಮಟೆಯ ಹೆಗಲ ಪಟ್ಟಿಯನ್ನು ಬಿಚ್ಚಿ ಹೊಸದಾಗಿ ಹೊಲಿಯಲು ಕೂತ. ಅದರಿಂದ ನನಗೆ ಗೊತ್ತಾಯಿತು.

"ಬರ್ತೀನಿ. ಆದ್ರೆ ಚರ್ಮದ್ದೇ ಬಡಿಯೋದು. ಚರ್ಮ ಕೂಗ್ಲಿಲ್ಲ ಅಂದ್ರೆ ನಾನು ಬಡಿಯಲ್ಲ, ವಾಪಸ್ ಬರ್ತೀನಿ" ಎಂದ.

ಈ ಮಾತು ನನಗೇ ಹೇಳಿದ್ದು. ಈಗ ಪ್ಲಾಸ್ಟಿಕ್ ಹಾಳೆಯ ತಮಟೆ ಬಂದಿದೆ. ಮಳೆ ಬಂದರೂ ಅದಕ್ಕೆ ಏನೂ ಆಗುವುದಿಲ್ಲ, ಕಾಯಿಸುವ ಕೆಲಸವಿಲ್ಲ, ಚೀಲದಿಂದ ತೆಗೆದು ಬಡಿಯುವುದೇ. ನನ್ನ ಹತ್ತಿರ ಒಂದಿದೆ. ಎರಡು ವರ್ಷದಿಂದ ಅಪ್ಪನಿಗೂ ಅದನ್ನೇ ತಗೋ ಅನ್ನುತ್ತಿದ್ದೇನೆ. ಅಪ್ಪ ಅದನ್ನು ಒಂದು ಸಲ ಬಡಿದು ನೋಡಿ, "ಬಕೆಟ್" ಎಂದಿದ್ದ. ಅಷ್ಟೇ.

ಚರ್ಮದ ತಮಟೆಗೆ ಬೆಂಕಿ ಬೇಕು. ಬಡಿಯುವ ಮುಂಚೆ ಒಣ ಗರಿಯನ್ನೋ ಹುಲ್ಲನ್ನೋ ಹೊತ್ತಿಸಿ, ಅದರ ಮುಂದೆ ತಮಟೆ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಬೇಕು. ಚರ್ಮ ಬಿಗಿಯಾದ ಮೇಲೇ ದನಿ. ತಣ್ಣಗಾದರೆ ಮತ್ತೆ ಸಡಿಲ. ಜಾಸ್ತಿ ಕಾದರೆ ಚರ್ಮ ಸೀಳುತ್ತದೆ. ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪನ ತಮಟೆಯನ್ನು ನಾನು ಕಾಯಿಸಲು ಹೋಗಿ ಸೀಳಿಸಿದ್ದೆ. ಅವತ್ತು ಒಂದು ಸಾವಿನ ಮನೆ. ಹೆಣ ಎತ್ತುವ ಹೊತ್ತಿಗೆ ಅಪ್ಪ ಬರಿಗೈಯಲ್ಲಿ ನಿಂತಿದ್ದ. ಆಮೇಲೆ ಅವನ ತಮಟೆಯನ್ನು ಹೊರುವುದಕ್ಕೆ ನನಗೆ ಬಿಟ್ಟ, ಒರೆಸುವುದಕ್ಕೆ ಬಿಟ್ಟ, ಕಾಯಿಸುವುದಕ್ಕೆ ಮಾತ್ರ ಒಂದು ಸಲವೂ ಬಿಡಲಿಲ್ಲ.

ಶನಿವಾರ ಮಧ್ಯಾಹ್ನ ಅಪ್ಪ, ಚಿಕ್ಕಪ್ಪ, ನಾನು ಮೂರು ಚರ್ಮದ ತಮಟೆ ಹೇರಿಕೊಂಡು ನನ್ನ ಆಟೊದಲ್ಲಿ ಹೋದೆವು. ಪ್ಲಾಸ್ಟಿಕ್ ತಮಟೆಯನ್ನು ಬಟ್ಟೆ ಚೀಲದ ತಳದಲ್ಲಿ ಹಾಕಿಕೊಂಡಿದ್ದೆ, ಅಪ್ಪನಿಗೆ ಹೇಳಲಿಲ್ಲ. ತೋಪಿನ ಗೇಟಿನಲ್ಲಿ ದೊಡ್ಡ ಬೋರ್ಡು. ಚಿಕ್ಕಪ್ಪ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ.

"ಪ್ಲಾಸ್ಟಿಕ್ ತರಬಾರದು. ಬೆಂಕಿ ಹಚ್ಚಬಾರದು." ಓದಿ ನನ್ನ ಕಡೆ ತಿರುಗಿದ. "ನಿಂದೂ ಇಲ್ಲ, ನಿಮ್ಮಪ್ಪಂದೂ ಇಲ್ಲ. ನಾಳೆ ಮೂರು ಜನ ನಿಂತ್ಕೊಂಡು ಬಾಯಲ್ಲೇ ಡಂಕಣಕ ಅನ್ನೋಣ."

ಅಪ್ಪ ಬೋರ್ಡನ್ನೇ ನೋಡುತ್ತಿದ್ದ. ಮೇಡಂ ಬಂದರು. ಜೀನ್ಸು, ಕುತ್ತಿಗೆಯಲ್ಲಿ ವಿಷಲ್ಲು, ಕೈಯಲ್ಲಿ ಎರಡು ಫೋನು. ಅಪ್ಪ ಕೇಳಿದ, "ಮೇಡಂ, ಕಾಯಿಸೋಕೆ ಸ್ವಲ್ಪ ಬೆಂಕಿ?"

"ಅಯ್ಯೋ, ಅದೊಂದು ಕೇಳ್ಬೇಡಿ ಅಣ್ಣ. ಹುಲ್ಲು ನೋಡಿ ಹೇಗಿದೆ, ಒಂದು ಕಿಡಿ ಬಿದ್ರೆ ಸಾಕು. ಬೆಂಕಿ ಕಂಡ್ರೆ ತೋಟದವ್ರು ಇವತ್ತೇ ಎಲ್ಲಾ ಖಾಲಿ ಮಾಡಿಸ್ತಾರೆ."

ಅವರು ಹೇಳಿದ್ದು ಸುಳ್ಳಲ್ಲ. ಮೊಣಕಾಲೆತ್ತರ ಒಣಹುಲ್ಲು, ಅದರ ನಡುವೆ ಇನ್ನೂರೋ ಮುನ್ನೂರೋ ಟೆಂಟು. ಅಡುಗೆ ಕೂಡ ಹೊರಗೆ ಮಾಡಿಸಿ ವ್ಯಾನಿನಲ್ಲಿ ತರಿಸುತ್ತಿದ್ದರು. ಅಪ್ಪ ತಮಟೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಅಮ್ಮನ ಒಲೆಯ ಮೇಲಿನ ಗೋಡೆಗೆ ವರ್ಷಪೂರ್ತಿ ನೇತಾಡುವ ತಮಟೆ ಅದು, ಒಗ್ಗರಣೆ ಹೊಗೆ ಕುಡಿದೂ ಕುಡಿದೂ ಒಣಗಿತ್ತು. ಟಣ್ ಎಂದಿತು.

"ಹಿಂಗೇ ಇದ್ರೆ ಬೆಂಕಿ ಇಲ್ದೆನೂ ನಡೀತದೆ. ಆಟೊ ಕ್ಯಾಬಿನ್ನಲ್ಲಿ ಇಡು. ಕಂಬಳಿ ಸುತ್ತಿ, ಗಾಜು ಏರ್ಸಿ ಇಡು" ಎಂದ ನನಗೆ.

ಹೂಂ ಎಂದೆ.

ನಮಗೆ ಕೊಟ್ಟ ಟೆಂಟು ಕಿತ್ತಳೆ ಬಣ್ಣದ್ದು. ಎರಡು ಕಡ್ಡಿ ಬಗ್ಗಿಸಿ ಸಿಕ್ಕಿಸಿದರೆ ಮನೆ. ಅಂಥದ್ದನ್ನು ಮುಂಚೆ ಮುಟ್ಟಿರಲಿಲ್ಲ, ಆದರೂ ಐದು ನಿಮಿಷದಲ್ಲಿ ನಿಲ್ಲಿಸಿದೆ. ಪಕ್ಕದವರದು ಅಷ್ಟು ಹೊತ್ತಾದರೂ ಎದ್ದಿರಲಿಲ್ಲ, ಅದನ್ನೂ ನಿಲ್ಲಿಸಿಕೊಟ್ಟೆ. ಅವರು ಜಯನಗರದವರು. ಬ್ಯಾಂಕಿನಿಂದ ರಿಟೈರಾದ ಅಂಕಲ್ ಮತ್ತು ಆಂಟಿ. ಮಡಚುವ ಕುರ್ಚಿ, ಫ್ಲಾಸ್ಕು, ಮಂಕಿ ಕ್ಯಾಪು, ಎಲ್ಲ ತಂದಿದ್ದರು. ಅಂಕಲ್ ಅಪ್ಪನ ತಮಟೆಯನ್ನು ನೋಡಿ ಸ್ವಲ್ಪ ಹಿಂಜರಿದು ಕೇಳಿದರು.

"ಇದು... ಹೆಣದ ಮುಂದೆ ಬಾರಿಸ್ತಾರಲ್ಲ, ಅದೇ ಅಲ್ವಾ?"

"ಅದೇ ಸಾರ್. ಮದ್ವೆಗೂ ಇದೇ. ನಮಗೆ ಬೇರೆ ಬೇರೆ ಇಟ್ಕೊಳ್ಳೋಕೆ ಜಾಗ ಇಲ್ಲ" ಎಂದ ಅಪ್ಪ.

ಆಂಟಿ ಜೋರಾಗಿ ನಕ್ಕರು. ಅಂಕಲ್ ಫ್ಲಾಸ್ಕಿನ ಕಾಫಿ ಕೊಟ್ಟರು. ಒಳ್ಳೆಯ ಕಾಫಿ.

ಸಂಜೆ ಹಾಡು ಕೇಳಿದೆವು. ಕಂಸಾಳೆಯವರು ಬಂದಿದ್ದರು, ಏಕತಾರಿಯವರು ಬಂದಿದ್ದರು. ಎಲ್ಲಿಂದಲೋ ಬಂದ ಒಬ್ಬ ಅಜ್ಜಿ ರಾಗಿ ಬೀಸುವ ಪದ ಹೇಳಿದಳು, ಸಾವಿರ ಜನ ಉಸಿರು ಬಿಗಿಹಿಡಿದು ಕೇಳಿದರು. ಅಪ್ಪ ಹುಲ್ಲಿನ ಮೇಲೆ ಕೂತು ಅಜ್ಜಿಯನ್ನು ನೋಡಲಿಲ್ಲ, ಕೇಳುವವರ ಮುಖಗಳನ್ನು ನೋಡುತ್ತಿದ್ದ. ನಾಳೆ ಈ ಮುಖಗಳು ತನ್ನ ಕಡೆ ತಿರುಗಿರುತ್ತವೆ ಅಂತ ಲೆಕ್ಕ ಹಾಕುತ್ತಿದ್ದ ಅನಿಸುತ್ತದೆ.

ತಪ್ಪು ಮಾಡಿದ್ದು ನಾನು. ತಮಟೆಗಳನ್ನು ಆಟೊದಲ್ಲಿ ಇಡಲಿಲ್ಲ. ಪಾರ್ಕಿಂಗು ದೂರ, ಯಾರಾದರೂ ಕದ್ದರೆ ಅನಿಸಿತು. ಟೆಂಟಿನ ಮೇಲೆ ನನಗೆ ಬಹಳ ನಂಬಿಕೆ ಬಂದುಬಿಟ್ಟಿತ್ತು, ನಾನೇ ನಿಲ್ಲಿಸಿದ್ದಲ್ಲವಾ. ಮೂರೂ ತಮಟೆಗಳನ್ನು ತಲೆಯ ಕಡೆ ಒರಗಿಸಿಟ್ಟು, ಮಂಜು ಬರಬಾರದು ಅಂತ ಇದ್ದ ಜಿಪ್ಪುಗಳನ್ನೆಲ್ಲ ಎಳೆದು, ಮೂರು ಜನ ಒಳಗೆ ಮಲಗಿದೆವು. ಅಪ್ಪ ಆಗಲೇ ನಿದ್ದೆ ಹೋಗಿದ್ದ, ನೋಡಲಿಲ್ಲ.

ಪ್ಲಾಸ್ಟಿಕ್ ಬಟ್ಟೆಯ ಗೂಡಿನಲ್ಲಿ ಮೂರು ಜನ ಉಸಿರು ಬಿಟ್ಟರೆ ಆ ಉಸಿರು ಎಲ್ಲಿಗೆ ಹೋಗಬೇಕು? ಬೆಳಗ್ಗೆ ಕಣ್ಣು ಬಿಟ್ಟಾಗ ಮೂಗಿನ ಮೇಲೆ ನೀರು ತೊಟ್ಟಿಕ್ಕಿತು. ಟೆಂಟು ಒಳಗಿನಿಂದಲೇ ಬೆವರಿತ್ತು. ಗೋಡೆಗೆ ಒರಗಿದ್ದ ತಮಟೆಗಳ ಮೇಲೆ ನೀರು ಇಳಿದಿತ್ತು. ಅಪ್ಪ ತನ್ನದನ್ನು ಎತ್ತಿಕೊಂಡು ತಟ್ಟಿದ. ದೊಪ್. ಇನ್ನೊಂದು ಸಲ ತಟ್ಟಿದ. ಒದ್ದೆ ರಗ್ಗನ್ನು ತಟ್ಟಿದ ಹಾಗೆ.

"ಆಟೊದಲ್ಲಿ ಇಡು ಅಂದಿದ್ನಲ್ಲೋ."

"ಇಲ್ಲಿ ಬೆಚ್ಚಗಿರ್ತದೆ ಅಂದ್ಕೊಂಡೆ."

"ಬೆಚ್ಚಗಿತ್ತು. ನಮಗೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಬಿಸಿಲಿಗೆ ಇಡೋಣ ಅಂದರೆ ಬಿಸಿಲೇ ಇಲ್ಲ, ತೋಪಿನ ತುಂಬಾ ಮಂಜು. ಮೇಡಂ ಹತ್ತಿರ ಓಡಿದೆ. ಪಾಪ, ಅವರು ಯಾರದೋ ಟೆಂಟಿನಿಂದ ಕೂದಲು ಒಣಗಿಸುವ ಮಿಷಿನ್ನು ತಂದರು, ಸ್ಟೇಜ್ ಹತ್ತಿರ ಪ್ಲಗ್ಗು ತೋರಿಸಿದರು. ಚಿಕ್ಕಪ್ಪ ತನ್ನ ತಮಟೆಗೆ ಹಿಡಿದು ನೋಡಿದ. ಹತ್ತು ನಿಮಿಷವಾದರೂ ಒಂದು ಅಂಗೈಯಷ್ಟು ಜಾಗ ಒಣಗಿತು, ಉಳಿದದ್ದು ಹಾಗೇ.

"ಅಣ್ಣ, ನೀನೂ ಹಿಡಿದು ನೋಡು" ಎಂದ ಅಪ್ಪನಿಗೆ.

"ನಾನು ತಮಟೆಗೆ ತಲೆ ಬಾಚೋಕೆ ಬಂದಿಲ್ಲ."

ಗಂಟೆ ಎಂಟೂವರೆ ದಾಟಿತು. ಅಪ್ಪ ತಮಟೆಯನ್ನು ಅದರ ಬಟ್ಟೆಯಲ್ಲಿ ಸುತ್ತತೊಡಗಿದ. ಮಗುವನ್ನು ಸುತ್ತುವ ಹಾಗೆ ನಿಧಾನವಾಗಿ ನಾಲ್ಕೂ ಮೂಲೆ ಮಡಚಿದ. ಆಮೇಲೆ ನನ್ನ ಮುಂದೆ ಕೈ ಚಾಚಿದ.

"ಆಟೊ ಕೀ ಕೊಡು. ಮನೆಗೆ ಹೋಗೋಣ."

ಬಟ್ಟೆ ಚೀಲದಲ್ಲಿ ಪ್ಲಾಸ್ಟಿಕ್ ತಮಟೆ ಇತ್ತು. ತೆಗೆದು ಕೊಡೋಣ ಅಂತ ಕೈ ಅದರವರೆಗೆ ಹೋಯಿತು. ಅಪ್ಪ ಸುತ್ತಿದ ಗಂಟಿನಿಂದ ಹೊಸದಾಗಿ ಹೊಲಿದ ಪಟ್ಟಿ ಹೊರಗೆ ಇಣುಕುತ್ತಿತ್ತು. ಕೈ ವಾಪಸ್ ತೆಗೆದೆ. ನಲವತ್ತು ವರ್ಷ ಆದ ಮೇಲೆ ಸಿಕ್ಕಿದ ಒಂದು ಬೆಳಗ್ಗೆ, ಬಕೆಟ್ ಬಡಿ ಅಂತ ಹೇಗೆ ಹೇಳುವುದು? ಕೀಯನ್ನೂ ಕೊಡಲಿಲ್ಲ. "ನಾನೇ ಓಡಿಸ್ತೀನಿ, ನಡಿ" ಎಂದೆ. ಮೂವರೂ ಗೇಟಿನ ಕಡೆ ನಡೆದೆವು. ಚೀಲವನ್ನು ಆಮೇಲೆ ಬಂದು ತಗೊಂಡರಾಯಿತು ಅಂತ ಟೆಂಟಿನಲ್ಲೇ ಬಿಟ್ಟಿದ್ದೆ.

ಗೇಟು ದಾಟಿದ ಕೂಡಲೇ ವಾಸನೆ ಬಂತು. ಇದ್ದಿಲು.

ರಸ್ತೆ ಬದಿಯಲ್ಲಿ ಮುಸುಕಿನ ಜೋಳ ಸುಡುವ ತಳ್ಳುಗಾಡಿ. ಹಬ್ಬಕ್ಕೆ ಬರುವವರಿಗಾಗಿ ಒಬ್ಬ ಅಕ್ಕ ಆಗತಾನೇ ಇದ್ದಿಲು ಹೊತ್ತಿಸಿ ರಟ್ಟಿನ ತುಂಡಿನಲ್ಲಿ ಬೀಸುತ್ತಿದ್ದಳು. ನಾನು ಅಪ್ಪನನ್ನು ನೋಡಿದೆ, ಅಪ್ಪ ಕೆಂಡವನ್ನು ನೋಡುತ್ತಿದ್ದ. ನಾನೇ ಹೋಗಿ ಕೇಳಿದೆ.

"ಅಕ್ಕ, ಸ್ವಲ್ಪ ಕೆಂಡ ಬೇಕಿತ್ತು. ತಮಟೆ ಕಾಯಿಸ್ಬೇಕು."

ಅವಳು ಮೇಲಿನಿಂದ ಕೆಳಗೆ ನೋಡಿದಳು. "ಜೋಳದ ಮೇಲೆ ಚರ್ಮ ಕಾಯಿಸಿದ್ರೆ ಯಾರಪ್ಪ ತಿಂತಾರೆ? ವಾಸನೆ ಹಿಡ್ಯಲ್ವಾ?"

ಅವಳ ಮಾತೂ ಸರಿ. ಅಪ್ಪ ಮುಂದೆ ಬಂದ.

"ಗಾಡಿ ಮೇಲೆ ಬೇಡ ತಾಯಿ. ಒಂದು ಬಾಂಡ್ಲಿ ಇದ್ರೆ ಅದ್ರಲ್ಲಿ ಹಾಕ್ಕೊಡು. ಆ ಕಡೆ ಟಾರ್ ರೋಡ್ ಮೇಲೆ ಇಟ್ಕೋತೀವಿ. ನಿನ್ ಜೋಳದ ಹತ್ರ ಬರಲ್ಲ, ಒಳಗಿನ ಹುಲ್ಲಿನ ಹತ್ರಾನೂ ಹೋಗಲ್ಲ."

ಅಕ್ಕ ಅವನ ಕಂಕುಳಿನ ಬಟ್ಟೆಗಂಟನ್ನು ನೋಡಿದಳು. ಗಾಡಿ ಕೆಳಗಿಂದ ಗಾರೆ ಕೆಲಸದ ಹಳೇ ಬಾಂಡ್ಲಿ ಎಳೆದು, ಇಕ್ಕಳದಲ್ಲಿ ಕೆಂಡ ಎತ್ತಿ ಎತ್ತಿ ಹಾಕಿದಳು. ತನಗೆ ಅರ್ಧವೂ ಉಳಿಸಿಕೊಳ್ಳಲಿಲ್ಲ.

"ನಮ್ಮೂರು ಧರ್ಮಪುರಿ ಕಡೆ. ನಮ್ಮ ಮಾವಂದ್ರೂ ಹಿಂಗೇ ಕಾಯಿಸ್ತಾರೆ. ನೀವು ಸುಮ್ನೆ ಕೇಳ್ತಾ ನಿಂತಿದ್ರೆ ಕೆಂಡ ಆರೋಗುತ್ತೆ, ಹಿಡೀರಿ ಅಣ್ಣ" ಎಂದಳು.

ಅಪ್ಪ ಟಾರ್ ರಸ್ತೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಅಕ್ಕ ಬೀಸಿದಳು. ಅಪ್ಪ ತಮಟೆಯನ್ನು ಕೆಂಡದಿಂದ ಒಂದು ಮೊಳ ದೂರ ಹಿಡಿದು ತಿರುಗಿಸತೊಡಗಿದ. ಮೊದಲು ಅಂಚು, ಆಮೇಲೆ ನಡು, ಮತ್ತೆ ಅಂಚು. ಚರ್ಮದಿಂದ ಆವಿ ಎದ್ದಿತು. ನಿಂತು ನೋಡಿದೆ. ಅವನು ಕಣ್ಣಿನಿಂದ ಕಾಯಿಸುವುದಿಲ್ಲ. ಎಡ ಅಂಗೈಯನ್ನು ಚರ್ಮದ ಹಿಂಭಾಗಕ್ಕೆ ತಾಗಿಸಿಕೊಂಡೇ ಇರುತ್ತಾನೆ. ತನ್ನ ಕೈ ಸುಟ್ಟರೆ ಚರ್ಮವೂ ಸುಡುತ್ತದೆ. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಎರಡು ಕೈಯಲ್ಲೂ ತಮಟೆಯ ಸುತ್ತಿನ ಬಳೆಯನ್ನಷ್ಟೇ ಹಿಡಿದಿದ್ದೆ. ಇಷ್ಟು ವರ್ಷ ಅಪ್ಪನ ಆ ಅಂಗೈ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪ ಉಗುರಿನಿಂದ ಚರ್ಮವನ್ನು ಚಿಮ್ಮಿದ. ಟಣ್.

ರಸ್ತೆಯಾಚೆ ಮರದಲ್ಲಿದ್ದ ಕಾಗೆಗಳು ಎದ್ದವು. ಚಿಕ್ಕಪ್ಪ ತನ್ನದನ್ನು ಕಾಯಿಸಿಕೊಂಡ, ಆಮೇಲೆ ನಾನು. ನನ್ನದು ಮುಗಿಯುವ ಹೊತ್ತಿಗೆ ಹತ್ತಕ್ಕೆ ಹತ್ತು ನಿಮಿಷ. ಅಪ್ಪ ತನ್ನದನ್ನು ಬಾಂಡ್ಲಿಯ ಪಕ್ಕದಲ್ಲೇ ಬೆಚ್ಚಗೆ ಹಿಡಿದುಕೊಂಡಿದ್ದ. ಅಷ್ಟರಲ್ಲಿ ಮೇಡಂ ಓಡಿ ಬಂದರು.

"ಎಲ್ಲಾ ಕಡೆ ಹುಡುಕ್ದೆ! ರೆಡಿನಾ? ಬನ್ನಿ, ಸ್ಟೇಜ್ ಹಿಂದೆ ಕೂತಿರಿ. ಅತಿಥಿಗಳು ಮಾತಾಡ್ತಿದ್ದಾರೆ. ಇನ್ನೊಂದ್ ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ ಇದು ತಡ್ಯಲ್ಲ ಮೇಡಂ. ಈ ಚಳಿಗೆ ಆರೋಗುತ್ತೆ" ಎಂದ ಅಪ್ಪ.

"ಮಧ್ಯದಲ್ಲಿ ಹೇಗೆ ಅಣ್ಣ..."

"ಅವರ ಮಾತು ಆಮೇಲೂ ಆಡ್ಬಹುದು."

ಅಷ್ಟು ಹೇಳಿ ತಮಟೆಯನ್ನು ಹೆಗಲಿಗೆ ಹಾಕಿಕೊಂಡ. ಬಲಗೈಯಲ್ಲಿ ದಪ್ಪ ಕಡ್ಡಿ, ಎಡಗೈಯಲ್ಲಿ ತೆಳ್ಳನೆ ಬಿದಿರ ಕಡ್ಡಿ. ಚಿಕ್ಕಪ್ಪ ಎಡಕ್ಕೆ, ನಾನು ಬಲಕ್ಕೆ. ಅಪ್ಪ ಮೊದಲ ಪೆಟ್ಟು ಹಾಕಿದ.

ಅದನ್ನು ಬರೆಯುವುದು ನನ್ನಿಂದ ಆಗುವುದಿಲ್ಲ. ಕೇಳಿದವರಿಗೆ ಗೊತ್ತು. ಎದೆಯ ಗೂಡಿಗೆ ಹೊರಗಿನಿಂದ ಬಡಿದ ಹಾಗೆ ಇರುತ್ತದೆ. ಗೇಟಿನಿಂದಲೇ ಬಡಿಯುತ್ತಾ ಒಳಗೆ ನಡೆದೆವು. ನಮಗೆ ಗೊತ್ತಿರುವುದು ಅದೊಂದೇ, ನಡೆಯುತ್ತಾ ಬಡಿಯುವುದು. ಟೆಂಟುಗಳ ಜಿಪ್ಪುಗಳು ಒಂದೊಂದೇ ತೆರೆದುಕೊಂಡವು. ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡವರು ಹೊರಗೆ ಬಂದರು, ಇಡ್ಲಿ ತಟ್ಟೆ ಹಿಡಿದುಕೊಂಡೇ ಬಂದರು. ಎಲ್ಲರೂ ಹಿಂದೆ ಸೇರಿಕೊಂಡರು. ಯಾರೂ ಕರೆಯಲಿಲ್ಲ. ತಮಟೆ ಮುಂದೆ ಹೋದರೆ ಜನ ಹಿಂದೆ ಬರುತ್ತಾರೆ, ಅದು ಸುಬ್ರಹ್ಮಣ್ಯಪುರದಲ್ಲೂ ಹಾಗೇ, ಅಲ್ಲೂ ಹಾಗೇ ಆಯಿತು.

ಸ್ಟೇಜಿನ ಮೇಲೆ ಭಾಷಣ ಮಾಡುತ್ತಿದ್ದ ಅತಿಥಿಯೊಬ್ಬರು ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದರು. ಆಮೇಲೆ ಅವರೂ ಪೇಪರ್ ಮಡಚಿ ಚಪ್ಪಾಳೆ ಹೊಡೆಯತೊಡಗಿದರು. ಒಳ್ಳೆಯ ಮನುಷ್ಯ. ಅಪ್ಪ ಮೆಟ್ಟಿಲು ಹತ್ತಿದ. ನಡುವೆ ನಿಂತು ಜನರ ಕಡೆ ಮುಖ ಮಾಡಿದ. ನಮ್ಮ ಅಪ್ಪನ ಬೆನ್ನನ್ನು ನಾನು ನೂರಾರು ಮೆರವಣಿಗೆಗಳಲ್ಲಿ ನೋಡಿದ್ದೇನೆ, ಬೆನ್ನು ಬಗ್ಗಿಸಿ ಬಡಿಯುತ್ತಾನೆ. ಅವತ್ತು ನೆಟ್ಟಗೆ ನಿಂತಿದ್ದ. ಮೊದಲನೇ ಸಾಲಿನಲ್ಲಿ ಜಯನಗರದ ಅಂಕಲ್ ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಬೀಸುತ್ತಿದ್ದರು. ಆಂಟಿ ಚಪ್ಪಲಿ ಬಿಟ್ಟು ಕುಣಿಯುತ್ತಿದ್ದರು. ಅಂಕಲ್ಲೂ ಕುಣಿದರು, ಕಾಲು ತಾಳಕ್ಕೆ ಬೀಳುತ್ತಿರಲಿಲ್ಲ, ಆದರೂ ಬಿಡಲಿಲ್ಲ.

ಕಾಲು ಗಂಟೆಯಾಗಿರಬೇಕು. ಅಪ್ಪ ನನ್ನ ಕಡೆ ಕಣ್ಣು ಹಾಯಿಸಿದ. ದನಿ ಇಳಿಯಲು ಶುರುವಾಗಿತ್ತು. ಕೆಳಗಿದ್ದವರಿಗೆ ಗೊತ್ತಾಗಿರಲಿಲ್ಲ, ಅಪ್ಪನಿಗೆ ಗೊತ್ತಾಗಿತ್ತು. ಎಡೆಬಿಡದ ಪೆಟ್ಟುಗಳ ಒಂದು ಉರುಳಿಕೆ ಹಾಕಿ, ಮುಗಿಸಿಬಿಟ್ಟ. ಜನ ಕೂಗತೊಡಗಿದರು. "ಇನ್ನೊಂದು! ಇನ್ನೊಂದು!" ಮೇಡಂ ಮೈಕ್ ತಂದು ಅಪ್ಪನ ಬಾಯಿಯ ಹತ್ತಿರ ಹಿಡಿದರು.

ಅಪ್ಪ ಮೈಕಿನಲ್ಲಿ ಮೊದಲ ಸಲ ಮಾತಾಡಿದ. "ಚರ್ಮ ತಣ್ಣಗಾಯ್ತು. ಇನ್ಮೇಲೆ ಬಡಿದ್ರೆ ನಿಮಗೆ ಸುಳ್ಳು ಹೇಳ್ದಂಗೆ ಆಯ್ತದೆ. ಕಾಯಿಸ್ಕೊಂಡು ಬಂದ್ರೆ ಬಡೀತೀನಿ."

ಆಮೇಲೆ ಬಂದ ಚಪ್ಪಾಳೆ ತಮಟೆಗೆ ಬಂದದ್ದಕ್ಕಿಂತ ಜೋರಾಗಿತ್ತು.

ಮೇಡಂ ಅಲ್ಲೇ ನಿಂತು ಸಂಜೆ ನಾಲ್ಕಕ್ಕೆ ಇನ್ನೊಂದು ಸಲ ಅಂತ ಹೇಳಿದರು. ಕೆಂಡದ ವಿಷಯ ಕೇಳಿ, "ರೋಡ್ ಮೇಲೆ ತಾನೇ? ರೋಡ್ ನಮ್ದಲ್ಲ, ನಾನೇನೂ ನೋಡ್ಲಿಲ್ಲ" ಎಂದರು.

ಮಧ್ಯಾಹ್ನ ಟೆಂಟು ಬಿಚ್ಚುವಾಗ ಬಟ್ಟೆ ಚೀಲವನ್ನು ಎತ್ತಿಕೊಂಡೆ. ಅಪ್ಪ ಅದರ ಕಡೆ ಗದ್ದ ತೋರಿಸಿದ.

"ಬಕೆಟ್ ಹುಷಾರು."

ನಾನು ಚೀಲದ ಬಾಯಿಯನ್ನು ಬಿಗಿದೆ.

"ರಾತ್ರಿ ಆ ಚೀಲ ತಲೆಗಿಟ್ಕೊಂಡಿದ್ದು ನಾನೇ ಕಣೋ. ಕತ್ತು ನೋಯ್ತಿದೆ ಇನ್ನೂ. ಬೆಳಗ್ಗೆ ತೆಗೀತೀಯ ಅಂತ ನೋಡ್ತಿದ್ದೆ."

"ತೆಗೀಲಿಲ್ಲ."

"ಹೂಂ. ನೋಡ್ದೆ."

ಮೂರೂವರೆಗೆ ಮೂವರೂ ಮತ್ತೆ ಜೋಳದ ಗಾಡಿಗೆ ಹೋದೆವು. ಅಕ್ಕನ ಸುತ್ತ ಜನ ಮುತ್ತಿಕೊಂಡಿದ್ದರು. ಬೆಳಗ್ಗೆ ತಮಟೆ ಕಾಯಿಸಿದ ಗಾಡಿ ಇದೇ ಅಂತ ಫೋಟೊ ತೆಗೆಯುತ್ತಿದ್ದರು, ಜೋಳವನ್ನೂ ತಿನ್ನುತ್ತಿದ್ದರು. "ಎಲ್ಲಿ ಹೋಗಿದ್ರಿ? ನಿಮ್ದು ಆಗ್ಲೇ ತೆಗ್ದಿಟ್ಟಿದೀನಿ" ಅಂತ ಅವಳು ನಮ್ಮ ಮೇಲೇ ರೇಗಿದಳು. ಬಾಂಡ್ಲಿಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು.

ಅಪ್ಪ ಬಾಂಡ್ಲಿಯ ಮುಂದೆ ಕೂರಲಿಲ್ಲ. ಬಟ್ಟೆ ಬಿಚ್ಚಿ ತನ್ನ ತಮಟೆಯನ್ನು ನನ್ನ ಕೈಗೆ ಕೊಟ್ಟ.

"ನೀನು ಕಾಯಿಸು. ನಾನು ಒಂದು ಜೋಳ ತಿಂತೀನಿ."

ಚಿಕ್ಕಪ್ಪ ಅಕ್ಕನ ರಟ್ಟಿನ ತುಂಡು ತಗೊಂಡು ಬೀಸತೊಡಗಿದ. ನಾನು ಕುಕ್ಕರಗಾಲಿನಲ್ಲಿ ಕೂತೆ. ಎಡ ಅಂಗೈಯನ್ನು ಚರ್ಮದ ಹಿಂದೆ ಇಟ್ಟೆ. ತಿರುಗಿಸಿದೆ. ಮೊದಲು ಅಂಚು, ಆಮೇಲೆ ನಡು, ಮತ್ತೆ ಅಂಚು. ಅಪ್ಪ ಬೆನ್ನು ತಿರುಗಿಸಿ ನಿಂತು ನಿಂಬೆಹಣ್ಣು, ಖಾರ ಸವರಿದ ಜೋಳ ತಿನ್ನುತ್ತಿದ್ದ. ಒಂದು ಸಲವೂ ಇತ್ತ ನೋಡಲಿಲ್ಲ. ಅಂಗೈ ಚುರುಗುಟ್ಟಿದ ಕೂಡಲೇ ಎತ್ತಿ ಅವನಿಗೆ ಕೊಟ್ಟೆ.

ಜೋಳದ ದಿಂಡನ್ನು ಅಕ್ಕನ ಬುಟ್ಟಿಗೆ ಹಾಕಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಅಪ್ಪ ಉಗುರಿನಿಂದ ಚಿಮ್ಮಿದ.

ಟಣ್.

ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದ. ನಾನು ನನ್ನದನ್ನು ಎತ್ತಿಕೊಂಡು ಅವನ ಬಲಕ್ಕೆ ಹೋಗಿ ನಿಂತೆ.